‘ಪೇಸರ್’ ರೈಲನ್ನು ಹಳಿಯುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿ ಲೇಖನವು ಬ್ರಿಟನ್ನಿನ ‘ಪೇಸರ್’ ಡೀಸೆಲ್ ರೈಲುಗಳನ್ನು ‘ಗುಜರಿ ಬಸ್ಸಿಗೆ ರೈಲಿನ ಗಾಲಿ ಹಾಕಿದ್ದು’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದೆ. ಲೀಡ್ಸ್‌ನಲ್ಲಿ ಮೂರು ವರ್ಷ ದಿನವೂ ಅದರಲ್ಲೇ ಕೆಲಸಕ್ಕೆ ಹೋಗಿಬಂದ ನನಗೆ ಓದಿ ಬೇಸರವಾಯಿತು. ಬಸ್ಸು ಎಂದದ್ದು ನಿಜ, ಗುಜರಿ ಎಂದದ್ದು ಸರಿಯಲ್ಲ.

1970ರ ದಶಕದ ಕೊನೆಯಲ್ಲಿ ಬ್ರಿಟಿಷ್ ರೈಲ್ವೆಯ ಕೈಯಲ್ಲಿ ಕಾಸಿರಲಿಲ್ಲ. 1950ರ ದಶಕದ ಡೀಸೆಲ್ ಗಾಡಿಗಳಿಗೆ ವಯಸ್ಸಾಗಿತ್ತು. ನಷ್ಟದ ಮಾರ್ಗಗಳನ್ನು ಮುಚ್ಚಿ ಎಂದ 1963ರ ಬೀಚಿಂಗ್ ವರದಿಯ ಕತ್ತರಿಯಿಂದ ತಪ್ಪಿಸಿಕೊಂಡಿದ್ದ ಸಣ್ಣ ಮಾರ್ಗಗಳಿಗೆ ಅಗ್ಗದ ಗಾಡಿ ಬೇಕೇ ಬೇಕಿತ್ತು. 1978ರಲ್ಲಿ ಲೇಲ್ಯಾಂಡ್ ನ್ಯಾಷನಲ್ ಬಸ್ಸಿನ ಒಡಲನ್ನು ನಾಲ್ಕು ಗಾಲಿಯ ಸರಕು ವ್ಯಾಗನ್ನಿನಂಥ ಚಾಸಿಯ ಮೇಲೆ ಕೂರಿಸಿ ಓಡಿಸಿ ನೋಡಿದರು. ಆ ಪ್ರಯೋಗವೇ ಮುಂದೆ 1985–87ರಲ್ಲಿ ಪೇಸರ್ ಬಳಗದ ‘ಕ್ಲಾಸ್ 142’ ಎಂಬ ಮಾದರಿಯಾಯಿತು. ಎರಡೆರಡು ಡಬ್ಬಿಯ 96 ಜೋಡಿಗಳು. ಬಸ್ಸಿನಂತೆಯೇ ಮಡಚುವ ಬಾಗಿಲು, ಬಸ್ಸಿನದೇ ಬೆಂಚು ಸೀಟು.

ಸಾಮಾನ್ಯ ರೈಲುಡಬ್ಬಿಯ ಅಡಿಯಲ್ಲಿ ತಿರುವಿಗೆ ತಕ್ಕಂತೆ ಹೊರಳುವ ಎರಡು ಗಾಲಿಚೌಕಟ್ಟುಗಳಿರುತ್ತವೆ. ಪೇಸರ್‌ಗೆ ಅವಿಲ್ಲ. ಡಬ್ಬಿಗೆ ಎರಡು ಅಚ್ಚು, ನಾಲ್ಕು ಗಾಲಿ, ಅಷ್ಟೇ. ಹಾಗಾಗಿ ಕಡಿದಾದ ತಿರುವಿನಲ್ಲಿ ಗಾಲಿ ಹಳಿಗೆ ಉಜ್ಜಿ ಕಿವಿ ಮುಚ್ಚಿಕೊಳ್ಳುವಂತೆ ಕಿರುಚುತ್ತಿತ್ತು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಅಂಕುಡೊಂಕು ಮಾರ್ಗಗಳಿಗೆ ಚಾಕೊಲೇಟ್, ಕೆನೆ ಬಣ್ಣ ಬಳಿದು ಕಳಿಸಿದ 13 ಜೋಡಿಗಳನ್ನು ಗಾಲಿ ಸವೆತ ತಾಳಲಾರದೆ ಕೆಲವೇ ವರ್ಷಗಳಲ್ಲಿ ಉತ್ತರಕ್ಕೆ ಸಾಗಿಸಬೇಕಾಯಿತು. ಹಳಿಯ ಪ್ರತಿ ಜೋಡಣೆಯ ಮೇಲೂ ಡಬ್ಬಿ ಒಮ್ಮೆ ಎದ್ದು ಕೂರುತ್ತಿತ್ತು. ಚಹಾದ ಲೋಟವನ್ನು ಅರ್ಧವೇ ತುಂಬಿಸಿಕೊಳ್ಳಬೇಕೆಂದು ಮೊದಲ ವಾರದಲ್ಲೇ ಕಲಿತೆ. 1999ರಲ್ಲಿ ವಿನ್ಸ್‌ಫರ್ಡ್ ಬಳಿ ಡಿಕ್ಕಿಯಾದಾಗ ಒಡಲೇ ಚಾಸಿಯಿಂದ ಸರಿದಿತ್ತು. ಪೇಸರ್ ಖಾಲಿಯಿತ್ತು, ಯಾರೂ ಸಾಯಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಹೆಚ್ಚೆಂದರೆ 20 ವರ್ಷಕ್ಕೆಂದು ಕಟ್ಟಿದ ಗಾಡಿಯನ್ನು 35 ವರ್ಷ ಓಡಿಸಿದ್ದು ಯಾರ ತಪ್ಪು? ಹೊಸದಕ್ಕೆ ದುಡ್ಡು ಬಿಚ್ಚದವರದು. ಅಷ್ಟೂ ವರ್ಷ ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳ ಜನರನ್ನು ಶಾಲೆಗೆ, ಆಸ್ಪತ್ರೆಗೆ, ಪಾಳಿಗೆ ಮುಟ್ಟಿಸಿದ್ದು ಇದೇ ಗಾಡಿ.

ಒಮ್ಮೆ ಅಪ್ಪ ಕೋಲಾರದಿಂದ ಬಂದಿದ್ದರು. ಪ್ಲಾಟ್‌ಫಾರಂಗೆ ಪೇಸರ್ ಬಂದು ನಿಂತದ್ದೇ ತಡ, ‘ಇದು ನಮ್ಮ ಬಂಗಾರಪೇಟೆ ರೈಲ್‌ಬಸ್ಸೇ ಅಲ್ವೇನೋ!’ ಎಂದು ಮುಖ ಅರಳಿಸಿದರು. ಹತ್ತುವಾಗ ಮಾತ್ರ ಬಾಗಿಲೊಳಗಿನ ಮೆಟ್ಟಿಲು ಅವರನ್ನು ತಡೆಯಿತು. ಮಂಡಿ ಮಡಚುತ್ತಿರಲಿಲ್ಲ. ಕೋಲನ್ನು ನನ್ನ ಕೈಗಿತ್ತು, ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈ ಎಳೆದುಕೊಂಡರು. ಗಾಲಿಕುರ್ಚಿಯಲ್ಲಿ ಬರುವವರ ಗತಿಯೇನೆಂದು ನನಗೆ ಹೊಳೆದದ್ದು ಆವತ್ತೇ. ಕೊನೆಗೆ ಪೇಸರ್ ಹಳಿಯಿಂದ ಇಳಿಯಲೂ ಅದೇ ಕಾರಣ: ಅಂಗವಿಕಲರಿಗೆ ಅನುಕೂಲವಿಲ್ಲದ ರೈಲುಗಳಿಗೆ 2020ರ ಆರಂಭದಿಂದ ಅವಕಾಶವಿಲ್ಲವೆಂಬ ನಿಯಮ ಬಂತು. ಅಲ್ಪ ವಿನಾಯಿತಿಯ ಬಳಿಕ ಕ್ಲಾಸ್ 142 ಅದೇ ವರ್ಷ ನವೆಂಬರಿನಲ್ಲಿ ನಿಂತಿತು. ಈ ನಿಯಮ ಹತ್ತು ವರ್ಷ ಮೊದಲೇ ಬರಬೇಕಿತ್ತು.

ಅಲ್ಲಿಯವರು ಮೊದಲ 142ನ್ನು ರಾಷ್ಟ್ರೀಯ ರೈಲು ಸಂಗ್ರಹಕ್ಕೆ ಸೇರಿಸಿದ್ದಾರೆ. ಪೇಸರ್ ಬಳಗದ ಇನ್ನೊಂದು ಡಬ್ಬಿ ಬ್ರ್ಯಾಡ್‌ಫರ್ಡ್‌ನ ಶಾಲೆಯೊಂದರಲ್ಲಿ ವಿಜ್ಞಾನ ಪ್ರಯೋಗಾಲಯವಾಗಿದೆ.

ನಮ್ಮಲ್ಲೂ ಬಂಗಾರಪೇಟೆ–ಕೋಲಾರ, ಶಿವಮೊಗ್ಗ–ತಾಳಗುಪ್ಪ ಮಾರ್ಗಗಳಲ್ಲಿ ರೈಲ್‌ಬಸ್ ಓಡಿತು. ಅದನ್ನು ಓಡಿಸಿದವರು, ಟಿಕೆಟ್ ಕೊಟ್ಟವರು, ಹಾಲಿನ ಕ್ಯಾನು ಹೊತ್ತು ಹತ್ತಿದವರು ಇನ್ನೂ ಈ ಊರುಗಳಲ್ಲಿದ್ದಾರೆ. ನಿಮ್ಮ ವರದಿಗಾರರೊಬ್ಬರನ್ನು ಅವರಲ್ಲಿಗೆ ಕಳಿಸಿ, ಅವರು ಹೇಳುವುದನ್ನು ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

– ನಿಮ್ಮ ಓದುಗ, ಕೋಲಾರ