ಮೆಡಿಕಲ್ಲಿಗೆ ಹೋದವನನ್ನು ಊರಲ್ಲೇ ಇಲ್ಲ ಅಂತ ಬರೆದ್ರು

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪೇಪರಲ್ಲಿ ಬಂದ ನಮ್ಮ ಕಾಸರಗೋಡು ಜಿಲ್ಲೆಯ ಪಿಸಿಸಿ, ಅಂದ್ರೆ ವಿದೇಶಕ್ಕೆ ಹೋಗುವವರಿಗೆ ಬೇಕಾದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅದರ ವಿಳಂಬದ ಸುದ್ದಿ ಓದಿ ತಲೆ ಕೆಟ್ಟು ಹೋಯ್ತು. ಅರ್ಜಿ ಹಾಕಿದವರು ಮನೆಯಲ್ಲಿ ಸಿಕ್ಕುದಿಲ್ಲ, ಅದಕ್ಕೇ ತಡ ಆಗುದು ಅಂತ ಅಧಿಕಾರಿಗಳು ಹೇಳಿದ್ದಾರಲ್ಲ, ಹಾಗೆ ಸಿಕ್ಕದವರಲ್ಲಿ ನನ್ನ ಮಗನೂ ಒಬ್ಬ. ಅವನು ಆ ದಿನ ಹೋದದ್ದು ಮಂಗಳೂರಿಗೆ, ಅದೇ ಕುವೈತ್ ವೀಸಾದ ಮೆಡಿಕಲ್ ಟೆಸ್ಟಿಗೆ.

ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಯವರಿಗೆ ಗೊತ್ತುಂಟು. ಗಲ್ಫಿನ ಮೆಡಿಕಲ್ ಬುಕ್ ಮಾಡುವ ವಾಫಿದ್ ವೆಬ್‌ಸೈಟಲ್ಲಿ ದುಡ್ಡು ಕಟ್ಟಿ ಸ್ಲಿಪ್ ತೆಗೀಬೇಕು, ಅದರಲ್ಲಿದ್ದ ಸೆಂಟರಿಗೇ ಹೋಗ್ಬೇಕು, ಫಿಟ್ ಅಂತ ಬಂದ್ರೂ ಅದು ನಡಿಯುದು ಎರಡು ತಿಂಗಳು ಮಾತ್ರ. ಅಷ್ಟರೊಳಗೆ ಪಿಸಿಸಿ ಸಿಗ್ಬೇಕು, ಎಂಬೆಸಿ ಸೀಲು, ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಎಲ್ಲ ಮುಗೀಬೇಕು. ಅಲ್ಲಿಗೆ ಮುಟ್ಟಿದ ಮೇಲೆ ಪುನಃ ಮೆಡಿಕಲ್, ಬೆರಳಚ್ಚು, ಮತ್ತೆ ಇಕಾಮ ಅಂದ್ರೆ ಅಲ್ಲಿ ವಾಸ ಮಾಡುವ ಪರ್ಮಿಟ್, ಸಿವಿಲ್ ಐಡಿ ಕಾರ್ಡ್. ಮಗನಿಗೆ ಸಿಕ್ಕಿದ್ದು ಕಂಪನಿ ಕೆಲಸದ 18ನೇ ನಂಬರ್ ವೀಸಾ, ಎಷ್ಟು ಕಡೆ ಕೇಳಿ ಅಲೆದು ಸಿಕ್ಕಿದ್ದು.

ಪಿಸಿಸಿಯ ವಿಚಾರಣೆಗೆ ಪೊಲೀಸ್ ಸ್ಟೇಷನ್ನಿಂದ ಬಂದವರು ಒಂದು ಫೋನ್ ಮಾಡ್ಲಿಲ್ಲ, ಅರ್ಜಿಯಲ್ಲಿ ನಂಬರ್ ಉಂಟು. ನಾನು ತೋಟದಲ್ಲಿ ಮದ್ದು ಬಿಡುವವರ ಒಟ್ಟಿಗೆ ಇದ್ದೆ, ಮನೆಯಲ್ಲಿ ಹೆಂಡತಿ ಒಬ್ಬಳೇ. ಮಗ ಮಂಗಳೂರಿಗೆ ಹೋಗಿದ್ದಾನೆ, ಸಂಜೆ ಬರ್ತಾನೆ ಅಂತ ಅವಳು ಹೇಳಿದ್ದಾಳೆ. ಬಂದವರು ತೆಂಕಿನಿಂದ ಹೊಸತಾಗಿ ಟ್ರಾನ್ಸ್‌ಫರ್ ಆದವರು, ಕನ್ನಡ ಬರುದಿಲ್ಲ, ಮಂಗಳೂರು ಅನ್ನುದೊಂದೇ ತಿಳಿದದ್ದು. ಜಗಲಿಗೂ ಹತ್ತದೆ ಗೇಟಿನ ಹತ್ರ ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು, ಈ ವಿಳಾಸದಲ್ಲಿ ವಾಸ ಇಲ್ಲ ಅಂತ ಬರ್ಕೊಂಡು ಹೋದ್ರು. ಆ ರಿಪೋರ್ಟ್ ಕಲ್ಲಿಕೋಟೆಯ ಪಾಸ್‌ಪೋರ್ಟ್ ಆಫೀಸಿಗೆ ಹೋಗಿ ಅರ್ಜಿ ಅಲ್ಲೇ ನಿಂತಿತು.

ಮತ್ತೆ ಶುರುವಾಯ್ತು ನಮ್ಮ ಓಡಾಟ. ಎಸ್‌ಐ ಬಂದೋಬಸ್ತಿಗೆ ಹೋಗಿದ್ದಾರೆ, ರೈಟರ್ ರಜೆ, ನಾಳೆ ಬನ್ನಿ. ರೇಷನ್ ಕಾರ್ಡ್, ವೋಟರ್ ಐಡಿ, ತೆರಿಗೆ ರಶೀದಿ ಎಲ್ಲದರ ಜೆರಾಕ್ಸ್ ಕೊಟ್ಟಾಯ್ತು, ನೆರೆಮನೆಯವರು ಕೆಲಸ ಬಿಟ್ಟು ಬಂದು ಸೈನ್ ಹಾಕಿದ್ದೂ ಆಯ್ತು. ಅಷ್ಟೊತ್ತಿಗೆ ಮೆಡಿಕಲ್ ಡೇಟ್ ಮುಗೀತು, ಇನ್ನು ಪುನಃ ದುಡ್ಡು ಕಟ್ಬೇಕು. ಆಚೆಯಿಂದ ಕಂಪನಿಯ ಮಂದೂಬ್, ಅಂದ್ರೆ ವೀಸಾದ ಕೆಲಸ ನೋಡುವವನು, ವಾಯ್ಸ್ ಮೆಸೇಜ್ ಕಳಿಸ್ತಾ ಇದ್ದಾನೆ, ವೀಸಾ ಕ್ಯಾನ್ಸಲ್ ಆಗ್ತದೆ ಅಂತ. ಮಗ ಸರಿ ಊಟ ಮಾಡದೆ ಎಷ್ಟು ದಿನ ಆಯ್ತು.

2022ರ ಸೆಪ್ಟೆಂಬರಲ್ಲಿ ಪೋಸ್ಟಾಫೀಸಿನ ಪಾಸ್‌ಪೋರ್ಟ್ ಕೇಂದ್ರದಲ್ಲೂ ಪಿಸಿಸಿಗೆ ಅರ್ಜಿ ಕೊಡ್ಬಹುದು ಅಂತ ಕೇಂದ್ರ ಸರಕಾರ ಮಾಡಿದಾಗ, ಅಬ್ಬ, ಪಯ್ಯನ್ನೂರಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುದು ತಪ್ಪಿತು ಅಂತ ಖುಷಿಪಟ್ಟವರು ನಾವು. ಆ ಸುಖವನ್ನೂ ಸ್ಟೇಷನ್ನಲ್ಲಿ ಕೂತು ಹಾಳು ಮಾಡ್ತಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲೇ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೀಬಹುದು ಅಂತ ಕೇರಳದ ಕಾನೂನಲ್ಲೇ ಉಂಟು, ಯಾವ ಆಫೀಸಲ್ಲಿ ಕೊಡ್ತಾರೆ ಹೇಳಿ? ಇನ್ನು ಮಂಗಳೂರಿಗೆ ಹೋಗುದೇ ತಪ್ಪು ಅಂತಾದ್ರೆ ನಾವು ಎಲ್ಲಿಗೆ ಹೋಗ್ಬೇಕು? ಆಸ್ಪತ್ರೆಗೂ ನಮಗೆ ಮಂಗಳೂರೇ. ಇಲ್ಲಿಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, ಅದರ ಕೆಲಸ ಹೇಗೆ ಎಳೀತಾ ಬಂತು ಅಂತ ಬದಿಯಡ್ಕದ ಮಕ್ಕಳಿಗೂ ಗೊತ್ತು. 2020ರಲ್ಲಿ ಕೊರೊನಾ ಅಂತ ಕರ್ನಾಟಕದ ತಲಪಾಡಿ ಗಡಿ ಬಂದ್ ಆದಾಗ ಮಂಗಳೂರಿನ ಆಸ್ಪತ್ರೆಗೆ ಮುಟ್ಲಿಕ್ಕಾಗದೆ ನಮ್ಮ ಜಿಲ್ಲೆಯವರು ಸತ್ತದ್ದು ಇವರಿಗೆಲ್ಲ ಮರೆತು ಹೋಯ್ತಾ?

2024ರ ಜೂನಲ್ಲಿ ಕುವೈತಿನ ಮಂಗಫ್‌ನಲ್ಲಿ ಕೆಲಸಗಾರರಿದ್ದ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಸತ್ತವರಲ್ಲೂ ನಮ್ಮ ಜಿಲ್ಲೆಯವರಿದ್ರು. ಆಗ ವಾಯುಸೇನೆಯ ವಿಮಾನ ಕೊಚ್ಚಿಗೆ ಬಂತು, ಮಂತ್ರಿಗಳು ಹೂಗುಚ್ಛ ಹಿಡ್ಕೊಂಡು ನಿಂತ್ರು. ಸತ್ತು ಬರುವಾಗ ತೋರಿಸಿದ ಮರ್ಯಾದೆಯಲ್ಲಿ ಅರ್ಧ, ಬದುಕಿ ದುಡಿಲಿಕ್ಕೆ ಹೋಗುವವನಿಗೆ ತೋರಿಸಿ ಸ್ವಾಮಿ.

ಎಸ್‌ಪಿ ಸಾಹೇಬರೋ, ಕಲೆಕ್ಟರೋ, ಎಂಎಲ್‌ಎಯೋ, ಯಾರಾದ್ರೂ ಒಬ್ಬರು ಇದನ್ನು ನೋಡ್ಬೇಕು. ಮಗನ ಪಿಸಿಸಿ ಕೂಡ್ಲೇ ಆಗ್ಬೇಕು, ಸುಳ್ಳು ರಿಪೋರ್ಟ್ ಬರೆದವರ ಮೇಲೂ ಕ್ರಮ ಆಗ್ಬೇಕು, ಎರಡನೇ ಮೆಡಿಕಲ್ಲಿನ ದುಡ್ಡು ಯಾರು ಕೊಡ್ತಾರೆ ಅಂತಲೂ ಹೇಳ್ಬೇಕು. ಕನ್ನಡ ಗೊತ್ತಿದ್ದ ಒಬ್ಬ ಪೊಲೀಸನ್ನು ಮನೆಮನೆಗೆ ಕಳಿಸ್ಲಿಕ್ಕೆ, ಬರುವ ಮೊದಲು ಒಂದು ಫೋನ್ ಮಾಡ್ಲಿಕ್ಕೆ ಏನು ಕಷ್ಟ? ಸರಕಾರದ ಸಂಬಳ ತೆಗೊಳ್ಳುವವರಿಗೆ ಅಷ್ಟೂ ಆಗುದಿಲ್ಲವಾ?

ಒಬ್ಬ ತಂದೆ, ಬದಿಯಡ್ಕ