ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೂ ಪಿಕಪ್ ಎತ್ತಿ ಹಾಕುತ್ತಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಾಹನ ಬಿಡಿಭಾಗ ಮಾರಾಟ ಮತ್ತು ಸರ್ವಿಸ್ ಕೇಂದ್ರ,
ಶಿರಸಿ

ವಿಷಯ: ತಪ್ಪು ಸಲಹೆ ಕೊಟ್ಟು ಹಾಕಿದ ಹೆವಿ ಡ್ಯೂಟಿ ಶಾಕ್‌ಗಳ ಹಣ ವಾಪಸ್ ಮಾಡುವ ಬಗ್ಗೆ

ಮಾನ್ಯರೇ,

ಬನವಾಸಿ ಕಡೆಯ ಅನಾನಸ್ ತುಂಬಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ, ಕಾರವಾರಕ್ಕೆ ಹೋಗುವ ಪಿಕಪ್ ನನ್ನದು. ಗಾಡಿಯೂ ನನ್ನದೇ, ಓಡಿಸುವವನೂ ನಾನೇ. ಹೋಗುವಾಗ ಲೋಡು, ಬರುವಾಗ ಹೆಚ್ಚಾಗಿ ಖಾಲಿ. ಖಾಲಿ ಇದ್ದಾಗ ಗಾಡಿ ವಿಪರೀತ ಎತ್ತಿ ಹಾಕುತ್ತದೆ, ಸೊಂಟ ಹಿಡಿದುಕೊಳ್ಳುತ್ತಿದೆ, ಏನಾದರೂ ಮಾಡಲಾಗುತ್ತದಾ ನೋಡಿ ಎಂದು ನಿಮ್ಮಲ್ಲಿಗೆ ಬಂದಿದ್ದೆ. ನಾನು ಕೇಳಿದ್ದು ಖಾಲಿ ಗಾಡಿಯ ವಿಷಯ, ಇದನ್ನು ದಯವಿಟ್ಟು ಗಮನಿಸಿ. ನಿಮ್ಮ ಕೌಂಟರಿನಲ್ಲಿದ್ದವರು ಗಾಡಿಯ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. "ನಾಲ್ಕೂ ಹೆವಿ ಡ್ಯೂಟಿ ಗ್ಯಾಸ್ ಶಾಕ್ ಹಾಕ್ಸಿಬಿಡಿ, ಕಾರಿನ ಥರ ಓಡುತ್ತೆ" ಎಂದರು. ನಿಮ್ಮ ಮಾತಿನ ಮೇಲೆ ಹಾಕಿಸಿದೆ.

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಲೋಡು ಇದ್ದಾಗ ಮೊದಮೊದಲು ಫರಕು ಕಂಡಿತು. ಹಂಪ್ ದಾಟಿದ ಮೇಲೆ ಹಿಂದುಗಡೆ ಇನ್ನೊಂದು ಸಲ ತೂಗಿ ನಿಲ್ಲುತ್ತಿದ್ದದ್ದು ಒಂದೇ ಸಲಕ್ಕೆ ನಿಂತಿತು. ಘಟ್ಟದ ತಿರುವಿನಲ್ಲಿ ಗಾಡಿ ಒಮ್ಮೆಲೇ ವಾಲುವುದೂ ಕಡಿಮೆಯಾಯಿತು. ಅಷ್ಟು ಒಪ್ಪುತ್ತೇನೆ. ಆದರೆ ಖಾಲಿ ಗಾಡಿ ಮೊದಲಿಗಿಂತ ಗಡುಸಾಗಿದೆ. ಡಾಂಬರಿನ ಸಣ್ಣ ತೇಪೆ ಕೂಡ ಸೀಟಿಗೆ ಬಂದು ಬಡಿಯುತ್ತದೆ.

ಹೀಗಾಗಲು ಕಾರಣ ಇದೆ. ಪಿಕಪ್‌ನ ಭಾರ ಹೊರುವುದು ಹಿಂದಿನ ಪ್ಲೇಟ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಶಾಕ್ ಅಲ್ಲ. ಟನ್‌ಗಟ್ಟಲೆ ಹೊರಬೇಕಾದ ಪ್ಲೇಟು ಗಟ್ಟಿಯಾಗಿಯೇ ಇರಬೇಕು. ಮೇಲೆ ಭಾರ ಇಲ್ಲದಾಗ ಅದು ಬಗ್ಗುವುದೇ ಕಡಿಮೆ, ರಸ್ತೆಯ ಹೊಡೆತ ನೇರ ಚಾಸಿಗೆ ಬರುತ್ತದೆ. ಶಾಕ್‌ನ ಕೆಲಸ ಬೇರೆ. ಸ್ಪ್ರಿಂಗು ಮೇಲೆ ಕೆಳಗೆ ಕುಣಿಯುವಾಗ ಶಾಕ್ ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕಾಗುತ್ತದೆ, ಆ ತಡೆಯಿಂದ ಕುಣಿತ ನಿಲ್ಲುತ್ತದೆ. ಮೊದಲೇ ಬಗ್ಗದ ಸ್ಪ್ರಿಂಗಿಗೆ ಇನ್ನೂ ಬಿಗಿಯಾದ ಶಾಕ್ ಜೋಡಿಸಿದರೆ ಗಾಡಿ ಮೆತ್ತಗಾಗುವುದು ಹೇಗೆ? ಹಳೆಯ ಶಾಕ್ ಸತ್ತೇ ಹೋಗಿದ್ದರೆ ಹೊಸದು ಹಾಕಿದಾಗ ಸುಧಾರಿಸುತ್ತದೆ, ನಿಜ. ನನ್ನ ಹಳೆಯವು ಸೋರುತ್ತಿರಲಿಲ್ಲ. ಅವನ್ನು ಬಿಚ್ಚಿದ ನಿಮ್ಮ ಹುಡುಗನೇ "ಇನ್ನೂ ಓಡ್ತಿತ್ತಲ್ಲ ಅಣ್ಣ" ಎಂದಿದ್ದ.

ನಿಮ್ಮವರು ಮೊದಲು ನೋಡಬೇಕಾಗಿದ್ದು ಟೈರಿನ ಹವಾ. ನನ್ನ ಗಾಡಿಯ ಸ್ಟಿಕರಿನಲ್ಲಿ ಖಾಲಿಗೂ ಲೋಡಿಗೂ ಬೇರೆ ಬೇರೆ ಹವಾ ಬರೆದಿದೆ. ಆಮೇಲೆ ಶ್ಯಾಕಲ್ ಬುಶ್, ಅಂದರೆ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯ ಬುಶ್. ಆಮೇಲೆ ಪ್ಲೇಟುಗಳ ನಡುವೆ ಕೂತ ಮಣ್ಣು ಮತ್ತು ತುಕ್ಕು. ನಮ್ಮ ಮಳೆಗಾಲದ ಕೆಸರು, ಕರಾವಳಿಯ ಉಪ್ಪುಗಾಳಿ ಎರಡೂ ಸೇರಿದರೆ ಪ್ಲೇಟು ಪ್ಲೇಟಿಗೆ ಹಿಡಿದುಕೊಂಡು ಜಾರುವುದೇ ಇಲ್ಲ. ಇವೆಲ್ಲ ಕಡಿಮೆ ಖರ್ಚಿನ ಕೆಲಸ. ಒಂದನ್ನೂ ನೋಡದೆ ದುಬಾರಿ ಸಾಮಾನು ಮಾರಿದ್ದಕ್ಕೇ ನನಗೆ ಜಾಸ್ತಿ ಬೇಸರ.

ಈಗ ಬಲಗಡೆಯ ಹಿಂದಿನ ಶಾಕ್ ಸೋರುತ್ತಿದೆ. ಶಾಕ್ ಒಳಗೆ ಹೋಗಿ ಬರುವ ಕಡ್ಡಿಯ ಸುತ್ತ ಸ್ವಲ್ಪ ಜಿಡ್ಡು ಇರುವುದು ಮಾಮೂಲಿ ಎಂದು ನನಗೂ ಗೊತ್ತು. ಇದು ಹಾಗಲ್ಲ. ಎಣ್ಣೆ ಕೆಳಗಿನ ಬುಶ್ ತನಕ ಇಳಿದು, ಕೆಂಪು ಧೂಳು ಕೂತು ಮುದ್ದೆಯಾಗಿದೆ. ಮೊನ್ನೆ ಘಟ್ಟ ಇಳಿದು ಕುಮಟಾದಲ್ಲಿ ನಿಲ್ಲಿಸಿದಾಗ ನಾಲ್ಕಕ್ಕೂ ಕೈ ತಾಗಿಸಿ ನೋಡಿದೆ. ಮೂರು ಚೆನ್ನಾಗಿ ಬಿಸಿ ಇದ್ದವು, ಇದೊಂದು ತಣ್ಣಗಿತ್ತು. ಕುಣಿತ ತಡೆಯುವ ಶಾಕ್ ಬಿಸಿಯಾಗಲೇಬೇಕು. ತಣ್ಣಗಿದೆ ಎಂದರೆ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಅಲ್ಲಿನ ಮೆಕ್ಯಾನಿಕ್ ಒಬ್ಬರು ಇನ್ನೊಂದನ್ನೂ ತೋರಿಸಿದರು. ನಿಮ್ಮವರು ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಶಾಕ್ ಬೋಲ್ಟುಗಳನ್ನು ಪೂರ್ತಿ ಬಿಗಿದಿದ್ದಾರೆ. ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ಬುಶ್ ತಿರುಚಿಕೊಂಡು ಹಾಗೇ ನಿಂತಿದೆ. ಚಕ್ರದ ಮೇಲೆ ಗಾಡಿಯ ಭಾರ ಕೂತ ಮೇಲೆ ಕೊನೆಯ ಬಿಗಿತ ಕೊಡಬೇಕಿತ್ತು. ನೀವೇ ಕಣ್ಣಾರೆ ನೋಡಬೇಕು ಎಂದು ಯಾರಿಗೂ ಅದನ್ನು ಮುಟ್ಟಲು ಬಿಟ್ಟಿಲ್ಲ.

ಇದನ್ನು ಹೇಳಲು ಬಂದಾಗ ನಿಮ್ಮವರು ಕೊಟ್ಟ ಉತ್ತರ: "ಲೋಡು ಹಾಕಿದ್ದೀರಿ, ವಾರಂಟಿ ಬರಲ್ಲ." ಬಿಲ್ಲಿನಲ್ಲಿ ಹೆವಿ ಡ್ಯೂಟಿ ಎಂದು ಬರೆದು ಮಾರಿದ್ದು ಪಿಕಪ್‌ಗೆ. ಅದೂ ಆರ್‌ಸಿಯಲ್ಲಿ ಇರುವ ಮಿತಿಯೊಳಗಿನ ಲೋಡು. ಅದಕ್ಕೂ ವಾರಂಟಿ ಇಲ್ಲ ಎಂದರೆ ಯಾವುದಕ್ಕೆ ಇದೆ? ಬಾಡಿಗೆ ಗಾಡಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ ಎಂದೂ ಹೇಳಿದರು. ಅದು ಸರಿಯಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ಬಳಸುವ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶ ಎಂದು ಹೊರಗಿಡುವುದಿಲ್ಲ.

ನಾಲ್ಕು ಶಾಕ್ ವಾಪಸ್ ತೆಗೆದುಕೊಂಡು ಹಣ ಮರಳಿಸಿ, ನನ್ನ ಹಳೆಯ ಶಾಕ್‌ಗಳನ್ನು ಸರಿಯಾಗಿ ಜೋಡಿಸಿಕೊಡಿ. ಅವು ನಿಮ್ಮಲ್ಲೇ ಉಳಿದಿವೆ. ಅವು ಈಗ ಇಲ್ಲವಾದರೆ, ಕಂಪನಿ ಗಾಡಿಯೊಂದಿಗೆ ಕೊಡುವ ಅಳತೆಯದೇ ಶಾಕ್ ಹಾಕಿ, ಬೆಲೆಯ ವ್ಯತ್ಯಾಸ ವಾಪಸ್ ಕೊಡಿ. ಬುಶ್ ಹಾಳಾಗಿದ್ದರೆ ಅದರ ಖರ್ಚು ನಿಮ್ಮದು. ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ಜೆರಾಕ್ಸ್, ಸೋರುತ್ತಿರುವ ಶಾಕ್‌ನ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ. ಗಾಡಿ ಯಾವ ದಿನ ತರಬೇಕು ಎಂದು ಒಂದು ದಿನ ಮೊದಲೇ ತಿಳಿಸಿ, ಲೋಡು ಒಪ್ಪಿಕೊಳ್ಳದೆ ಬರುತ್ತೇನೆ.

ಇಂತಿ,
ಪಿಕಪ್ ಮಾಲೀಕ ಮತ್ತು ಚಾಲಕ,
ಬನವಾಸಿ ಹೋಬಳಿ, ಶಿರಸಿ ತಾಲ್ಲೂಕು