26 ನಿಮಿಷ ಉಳಿದಿತ್ತು

ಹೋದ ಭಾನುವಾರ ಸಂಜೆ 7 ಗಂಟೆ 4 ನಿಮಿಷಕ್ಕೆ ನನ್ನ ಬ್ರೆವೆ (ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಕಾರ್ಡಿಗೆ ಕೊನೆಯ ಮೊಹರು ಬಿತ್ತು. ಬೆಳಿಗ್ಗೆ 6ಕ್ಕೆ ಮೈಸೂರು ಬಿಟ್ಟು ನಂಜನಗೂಡು, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ, ಸತ್ತೇಗಾಲ, ಮಳವಳ್ಳಿ, ಬನ್ನೂರು ಸುತ್ತಿ ಮತ್ತೆ ಮೈಸೂರು. 200 ಕಿ.ಮೀ. ಬ್ರೆವೆಗೆ ಇರುವ ಅವಧಿ 13 ಗಂಟೆ 30 ನಿಮಿಷ. ಇನ್ನೂ 26 ನಿಮಿಷ ಉಳಿದಿತ್ತು. ನನಗೀಗ 49 ವರ್ಷ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು 14 ತಿಂಗಳಾಯಿತು.

ಬ್ರೆವೆ ಪಂದ್ಯವಲ್ಲ. ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತ ಯಾವುದೂ ಇಲ್ಲ. ಅವಧಿಯೊಳಗೆ ದಾರಿಯ ತಪಾಸಣೆ ಜಾಗಗಳಲ್ಲಿ, ಅಂದರೆ ಎಲ್ಲ ಕಂಟ್ರೋಲ್‌ಗಳಲ್ಲೂ ಮೊಹರು ಹಾಕಿಸಿಕೊಂಡು ಬಂದರೆ ಮುಗಿಯಿತು. ಕಂಟ್ರೋಲ್ ಬಿಟ್ಟರೆ ದಾರಿಯಲ್ಲಿ ಮನೆಯವರ ಕಾರು ಹಿಂದೆ ಬರುವಂತಿಲ್ಲ, ಪಂಕ್ಚರ್ ಆದರೂ ಹಸಿವಾದರೂ ನಾವೇ ನೋಡಿಕೊಳ್ಳಬೇಕು. ಅದಕ್ಕೇ ಇರಬೇಕು, ಭಾನುವಾರದಿಂದ ಎಲ್ಲರೂ "ಒಬ್ಬರೇ ಮಾಡಿಬಿಟ್ರಲ್ಲ ಮೇಡಂ" ಅನ್ನುತ್ತಿದ್ದಾರೆ. ಆ ಮಾತನ್ನು ಸುಮ್ಮನೆ ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಮೊದಲ ನಮಸ್ಕಾರ ನಮ್ಮ ಶಾಲೆಯ ಕನ್ನಡ ಮೇಡಂಗೆ. ಅವತ್ತು ಒಂಬತ್ತನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ ದವಡೆ ಸೆಳೆಯತೊಡಗಿತು. ಆಮೇಲೆ ಬೆನ್ನಿನ ನಡುವೆ ಭಾರ, ವಾಕರಿಕೆ, ತಣ್ಣನೆ ಬೆವರು. ಎದೆ ನೋವು ಅಂತ ಹೇಳುವಂಥದ್ದೇನೂ ಇರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ ಇರಬೇಕು ಎಂದರು, ಸೈಕಲ್ ಹೊಡೆಯುವವರಿಗೆ ಹಾರ್ಟ್ ತೊಂದರೆ ಎಲ್ಲಿಂದ ಬರುತ್ತೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ನಾನೂ ನಂಬಿದೆ. ಸಂಜೆ ಫೋನು ಮಾಡಿದ ಕನ್ನಡ ಮೇಡಂ ಎರಡು ಮಾತು ಕೇಳಿದವರೇ "ನಿಮ್ಮ ದನಿ ಸರಿಯಿಲ್ಲ" ಎಂದು ಇಟ್ಟುಬಿಟ್ಟರು. ಹತ್ತು ನಿಮಿಷಕ್ಕೆ ಆಟೋದಲ್ಲಿ ಮನೆ ಮುಂದೆ ಬಂದಿದ್ದರು. ಆಸ್ಪತ್ರೆಯಲ್ಲಿ "ಮೊದಲು ಇಸಿಜಿ ಮಾಡಿ, ಚೀಟಿ ಆಮೇಲೆ" ಎಂದು ಅವರು ಜೋರು ಮಾಡಿದ್ದು ಈಗಲೂ ಕಿವಿಯಲ್ಲಿದೆ. ಆ ರಾತ್ರಿಯೇ ಮಣಿಕಟ್ಟಿನಿಂದ ತಂತಿ ಹಾಯಿಸಿ ಆಂಜಿಯೋಗ್ರಾಂ ಮಾಡಿದರು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಡಗಡೆಯ ನಾಳ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗಿತ್ತು.

ಹೆಣ್ಣುಮಕ್ಕಳೇ, ಇದನ್ನು ದಯವಿಟ್ಟು ನೆನಪಿಡಿ. ನಮಗೆ ಹೃದಯಾಘಾತ ಹೀಗೂ ಬರುತ್ತದೆ, ದವಡೆಯಲ್ಲಿ, ಬೆನ್ನಿನಲ್ಲಿ, ವಾಕರಿಕೆಯಾಗಿ, ಕಾರಣವಿಲ್ಲದ ಸುಸ್ತಾಗಿ. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿಪಿ ಇರಲಿಲ್ಲ. ಆದರೆ ನಮ್ಮಪ್ಪ 54ಕ್ಕೇ ಹೃದಯಾಘಾತದಿಂದ ಹೋದವರು. ಅದು ಗೊತ್ತಿದ್ದೂ ನಾನು ಒಮ್ಮೆಯೂ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿರಲಿಲ್ಲ. 43ಕ್ಕೆ ಸೈಕಲ್ ಹಿಡಿದಿದ್ದೆ. ಅದೇ ಕಾಪಾಡುತ್ತದೆ ಅಂದುಕೊಂಡಿದ್ದೆ.

ಸೈಕಲ್ ಮಾರಿಬಿಡಬೇಕಾ ಎಂದು ಕೇಳಿದಾಗ ನಮ್ಮ ಡಾಕ್ಟರು "ಈಗ ಬೇಡ" ಅಂದರೇ ಹೊರತು "ಇನ್ನು ಬೇಡ" ಅನ್ನಲಿಲ್ಲ. ಆ ಒಂದು ಪದದ ವ್ಯತ್ಯಾಸದ ಮೇಲೆ ನಾನು ಎಷ್ಟು ತಿಂಗಳು ಬದುಕಿದೆ ಎಂದು ಅವರಿಗೆ ಗೊತ್ತಿಲ್ಲ. ಇಲ್ಲಿ ಹೇಳುತ್ತಿದ್ದೇನೆ, ಸರ್.

ಫಿಜಿಯೋಥೆರಪಿಸ್ಟ್ ಹುಡುಗಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಮೊದಲ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದಳು. ಕಾಲು ನಡುಗುತ್ತಿತ್ತು. ನನಗೆ ಕೊಟ್ಟಿದ್ದ ಒಂದು ಮಾತ್ರೆ ಹೃದಯದ ಬಡಿತವನ್ನೇ ಏರಗೊಡುತ್ತಿರಲಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ಬಡಿತದ ಲೆಕ್ಕ ನಂಬುವ ಹಾಗಿರಲಿಲ್ಲ. "ಆಂಟಿ, ವ್ಯಾಯಾಮ ಮಾಡ್ತಾ ಮಾತಾಡೋಕೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಿಧಾನ ಮಾಡಿ" ಎಂದಳು. ಒಬ್ಬಳೇ ಏನು ಮಾತಾಡಲಿ? ಮಗ್ಗಿ ಹೇಳಿಕೊಳ್ಳತೊಡಗಿದೆ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಮೊದಮೊದಲು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ, ಆಮೇಲೆ ಮನೆಯೊಳಗೆ ಸ್ಟ್ಯಾಂಡಿಗೆ ಹಾಕಿದ ಸೈಕಲ್ ತುಳಿಯುತ್ತಾ. ರಕ್ತ ತೆಳುವಾಗಿಸುವ ಮಾತ್ರೆ ಎರಡೆರಡು ನಡೆಯುತ್ತಿದ್ದ ಕಾಲ ಅದು, ರಸ್ತೆಯಲ್ಲಿ ಬಿದ್ದರೆ ಕಷ್ಟ. ವರ್ಷ ತುಂಬಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ಅದರಲ್ಲಿ ಒಂದನ್ನು ನಿಲ್ಲಿಸಿದ ಮೇಲೆಯೇ ಡಾಕ್ಟರು 200ಕ್ಕೆ ಒಪ್ಪಿದ್ದು. ಭಾನುವಾರ ಮಧ್ಯಾಹ್ನ ಸತ್ತೇಗಾಲ ದಾಟಿ ಬಿಸಿಲಲ್ಲಿ ಏರು ಹತ್ತುವಾಗ ಹದಿನೇಳರ ಮಗ್ಗಿ ಏಳಕ್ಕೇ ತಡವರಿಸಿತು. ಇಳಿದು ತಳ್ಳಿಕೊಂಡು ಹೋದೆ. ನನ್ನ ಜೊತೆ ಬರುತ್ತಿದ್ದ ಇಬ್ಬರು ಹುಡುಗರೂ ಇಳಿದರು. ಅವರ ಕಾಲಲ್ಲಿ ಕಸುವಿತ್ತು, ಬೇಕಿದ್ದರೆ ಒಂದು ಗಂಟೆ ಮೊದಲೇ ಮನೆ ಸೇರಬಹುದಿತ್ತು. ಕಿರುಗಾವಲಿನ ಹತ್ತಿರ ನನ್ನ ಹಿಂದಿನ ಚಕ್ರ ಪಂಕ್ಚರ್ ಆದಾಗ ಟ್ಯೂಬ್ ಬದಲಿಸಲು ಕೈ ಕೊಟ್ಟವರೂ ಅವರೇ. ಸವಾರರು ಒಬ್ಬರಿಗೊಬ್ಬರು ನೆರವಾಗುವುದಕ್ಕೆ ಅಡ್ಡಿಯಿಲ್ಲ.

ನಮ್ಮ ಅತ್ತೆಗೆ 76 ವರ್ಷ. ಊಟಕ್ಕೆ ಉಪ್ಪಿನಕಾಯಿ ಇಲ್ಲದೆ ಕೂತವರಲ್ಲ. ನಾನು ಆಸ್ಪತ್ರೆಯಿಂದ ಬಂದ ದಿನ ಭರಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು, ಆಮೇಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮ ಮನೆಯವರ ಬಗ್ಗೆ ಬರೆಯುವುದೇ ಕಷ್ಟ. ಅವರಿಗೆ ನಾನು ಸೈಕಲ್ ಹತ್ತುವುದು ಇಷ್ಟವಿರಲಿಲ್ಲ, ಭಯವಿತ್ತು. ನಾನು ಬೆಳಗಿನ ಜಾವ ಹೊರಟರೆ ವಾಪಸ್ಸು ಬರುವವರೆಗೆ ಗೇಟಿನ ಹತ್ತಿರವೇ ಪೇಪರ್ ಓದುತ್ತಾ ಕೂರುತ್ತಿದ್ದರು. ಎಷ್ಟೋ ದಿನ ಪುಟ ತಿರುಗಿರುತ್ತಿರಲಿಲ್ಲ. ಬ್ರೆವೆಯ ದಿನ ಹಿಂದೆಯೇ ಕಾರಿನಲ್ಲಿ ಬರುತ್ತೇನೆ ಎಂದರು. ನಿಯಮದ ಪ್ರಕಾರ ಹಾಗೆ ಬರುವಂತಿಲ್ಲ ಎಂದಾಗ ಕಂಟ್ರೋಲ್‌ಗಳ ಪಟ್ಟಿ ಬರೆದುಕೊಂಡರು. ಬೇರೆ ದಾರಿಯಲ್ಲಿ ಹೋಗಿ ಕೊಳ್ಳೇಗಾಲದಲ್ಲಿ ಮೂರು ಗಂಟೆ ಮೊದಲೇ ಕೂತಿದ್ದರು. ಕೈಯಲ್ಲಿ ರಾಗಿ ಅಂಬಲಿ, ಉಪ್ಪು ಹಾಕದ ಮಜ್ಜಿಗೆ. ನನ್ನನ್ನು ನೋಡಿ ಮೊದಲು ಕೇಳಿದ್ದು "ಎಷ್ಟರ ಮಗ್ಗಿ ಹೇಳ್ತಿದ್ದೀಯ?" ಅಂತ. ಹದಿನೇಳು ಎಂದೆ. "ಹದಿಮೂರಕ್ಕೆ ಇಳಿಸು, ಮುಂದೆ ಏರಿದೆ" ಎಂದರು.

ಕಾರ್ಡನ್ನು ಸೋಮವಾರ ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋಗಿದ್ದೆ. ಕನ್ನಡ ಮೇಡಂ ಒಂದೊಂದೇ ಮೊಹರು ಮುಟ್ಟಿ ಊರಿನ ಹೆಸರು ಓದಿದರು. ಕಾರ್ಡು ಈಗ ಅವರ ಹತ್ತಿರವೇ ಇದೆ. ನಾನು ವಾಪಸ್ಸು ಕೇಳುವುದಿಲ್ಲ.